ಪ್ರೊಜೆಕ್ಟರ್ ಒಂದು, ಮೌಲಾಸಾಬ ಒಂದು

ಮುನಿರಾಬಾದ್

ವಿದೇಶಕ್ಕೆ ಹೊರಟವರು ಪಾಸ್‌ಪೋರ್ಟು, ವೀಸಾ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಅವೆರಡೂ ಸಲೀಸಾಗಿ ಸಿಕ್ಕವು. ನಾನು ಸಿಕ್ಕಿಬಿದ್ದದ್ದು ನಮ್ಮ ಆಸ್ಪತ್ರೆಯ ಸ್ಟೋರಿನ ಗುಮಾಸ್ತ ಶರಣಪ್ಪನ ಮೇಜಿನ ಮುಂದೆ.

ನಮ್ಮದು ಮುನಿರಾಬಾದಿನಿಂದ ತುಸು ಆಚೆಗಿರುವ ಪುನರ್ವಸತಿ ಆಸ್ಪತ್ರೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಬಲ ಕಳೆದುಕೊಂಡವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಇಲ್ಲಿಗೆ ಬರುತ್ತಾರೆ. ಅವರನ್ನು ಮತ್ತೆ ಅವರವರ ಊರಿಗೆ, ಮನೆಗೆ ಮುಟ್ಟಿಸುವುದು ಸಮಾಜ ಕಾರ್ಯಕರ್ತನಾದ ನನ್ನ ಕೆಲಸ. ಸ್ಕಾಟ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ಇದೇ ವಿಷಯದ ಮೇಲೆ ಸಭೆ ನಡೆಯುವುದಿತ್ತು. ನೀವೂ ಬನ್ನಿ, ಆಸ್ಪತ್ರೆಯಿಂದ ಊರಿಗೆ ಮರಳಿದ ಒಬ್ಬರನ್ನೂ ಕರೆತನ್ನಿ ಎಂದು ಬರೆದಿದ್ದರು. ನಾನು ಮೌಲಾಸಾಬನನ್ನು ಆರಿಸಿದೆ.

ಮೌಲಾಸಾಬ ಹನುಮಸಾಗರದವನು. ಗೌಂಡಿ ಕೆಲಸ ಮಾಡುತ್ತಿದ್ದ. ಕಟ್ಟುತ್ತಿದ್ದ ಮನೆಯ ಮೇಲಿನಿಂದ ಬಿದ್ದು ನಮ್ಮಲ್ಲಿಗೆ ಬಂದ. ಬಂದು ಏಳು ವರ್ಷವಾಗಿತ್ತು, ಇನ್ನೂ ಇಲ್ಲಿಯೇ ಇದ್ದ. ಊರಿಗೆ ಮರಳಿದವರನ್ನು ಕರೆದರೆ ಊರಿಗೆ ಹೋಗದವನನ್ನು ಯಾಕೆ ಆರಿಸಿದಿರಿ ಎಂದು ನೀವು ಕೇಳಬಹುದು. ಮರಳಿದವರು ಕೈಗೆ ಸಿಗುವುದಿಲ್ಲ, ತಮ್ಮ ತಮ್ಮ ಕೆಲಸದಲ್ಲಿರುತ್ತಾರೆ. ಮೌಲಾಸಾಬ ಯಾವಾಗ ನೋಡಿದರೂ ಹಾಸಿಗೆ ನಂಬರ್ ಹದಿನಾಲ್ಕರ ಪಕ್ಕದಲ್ಲಿ, ಕೈಯಿಂದ ತಿರುವುವ ಹೊಲಿಗೆ ಯಂತ್ರದ ಮುಂದೆ ಸಿಗುತ್ತಿದ್ದ. ಆಸ್ಪತ್ರೆಯ ಪರದೆ, ದಿಂಬಿನ ಚೀಲ, ಆಯಾಗಳ ಅಂಗಿ ಎಲ್ಲ ಅವನ ಕೈಯವೇ. ಅವನು ಹೋದರೆ ಹೊಲಿಗೆಗೆ ಯಾರನ್ನು ಹುಡುಕುವುದು ಎಂಬ ಚಿಂತೆ ನಮ್ಮ ಮೇಲಧಿಕಾರಿಗಳಿಗೆ ಆಗಾಗ ಬರುತ್ತಿತ್ತು.

"ಪೇಷಂಟ್ ಒಂದ್ ದಿನ ಹೊರಗ ಹೋಗಾಕ ಗೇಟ್ ಪಾಸ್ ಐತ್ರಿ ಸರ್. ಹತ್ತ್ ದಿನಕ್ಕ ನಮ್ಮಲ್ಲಿ ಫಾರ್ಮೇ ಇಲ್ಲ" ಎಂದ ಶರಣಪ್ಪ. ತಲೆ ಕೆರೆದುಕೊಂಡು ಕಪಾಟಿನಿಂದ ಒಂದು ಹಾಳೆ ತೆಗೆದ. "ಸಾಮಾನು ಹೊರಗ ಒಯ್ಯೂದಕ್ಕ ಐತಿ. ಪ್ರೊಜೆಕ್ಟರ್ ಹೆಂಗೂ ಒಯ್ಯಾಕತ್ತೀರಿ. ಅದರ ಕೆಳಗ ಇವನ್ನೂ ಬರದ್ಬಿಡ್ತೀನಿ."

ಅಲ್ಲಿ ಪ್ರೊಜೆಕ್ಟರ್ ಇದೆಯೋ ಇಲ್ಲವೋ ಯಾರಿಗೆ ಗೊತ್ತು, ನಮ್ಮದನ್ನೇ ಒಯ್ಯಿರಿ ಎಂದು ಮೇಲಧಿಕಾರಿಗಳು ಹಟ ಹಿಡಿದಿದ್ದರು. ಹೀಗಾಗಿ ನನ್ನ ವಿದೇಶ ಪ್ರವಾಸದ ಮೊದಲ ದಾಖಲೆ ಹೀಗಿತ್ತು: ಒಂದು, ಪ್ರೊಜೆಕ್ಟರ್, ಬ್ಯಾಗ್ ಸಹಿತ. ಎರಡು, ಮೌಲಾಸಾಬ, ಗಾಲಿಕುರ್ಚಿ ಸಹಿತ. ಕೆಳಗೆ ಎರಡಕ್ಕೂ ಒಂದೊಂದು ಸಾಲು: 'ಒಯ್ದ ಸ್ಥಿತಿಯಲ್ಲಿಯೇ ಮರಳಿ ಒಪ್ಪಿಸಲಾಗಿದೆ. ಹೌದು / ಇಲ್ಲ.' ಅದನ್ನು ಬಂದ ಮೇಲೆ ತುಂಬಬೇಕು.

ಮೌಲಾಸಾಬ ಕುರ್ಚಿಯಿಂದ ಬಗ್ಗಿ ಹಾಳೆಯನ್ನು ಓದಿದ. "ಮ್ಯಾಲ ನನ್ನ ಹೆಸರ ಬರೀಬೇಕಿತ್ತು ಶರಣಪ್ಪಣ್ಣ. ಪ್ರೊಜೆಕ್ಟರ್ ನಿನ್ನಿ ಮೊನ್ನಿ ಬಂದದ್ದು. ನಾ ಏಳು ವರ್ಷದಾಂವ."

ನಾನು ಸಹಿ ಹಾಕಿದೆ. ಆಗ ಅವನು ನನ್ನ ಕಡೆ ತಿರುಗಿ, "ಬಂದ ಮ್ಯಾಲ ನನ್ನ ಆ ಇನ್ನೊಂದ್ ಫಾರ್ಮಿಗೂ ಸಹಿ ಮಾಡ್ತೀರೇನ್ರಿ ಸರ್?" ಎಂದು ಕೇಳಿದ.

ಆ ಇನ್ನೊಂದು ಫಾರ್ಮು ನಾನೇ ತಯಾರಿಸಿದ್ದು. ರೋಗಿಯ ಮನೆ ಅವನ ವಾಸಕ್ಕೆ ಸಿದ್ಧವಾಗಿದೆಯೇ ಎಂದು ತಿಳಿಯಲು ನಲವತ್ತು ಪ್ರಶ್ನೆ. ಹನುಮಸಾಗರದಲ್ಲಿ ಅವನ ತಂಗಿ ಹಸೀನಾ ತನ್ನ ಮನೆಯ ಮುಂದಿನ ಕೋಣೆಯನ್ನು ಅಣ್ಣನಿಗೆ ಬಿಟ್ಟುಕೊಡಲು ತಯಾರಿದ್ದಳು. ರಸ್ತೆಗೆ ಮುಖ ಮಾಡಿದ ಕೋಣೆ, ಹೊಲಿಗೆ ಅಂಗಡಿ ಇಡಬಹುದು ಎಂಬುದು ಇವನ ಲೆಕ್ಕಾಚಾರ. ನಾನು ಮೂರು ಸಲ ಹೋಗಿ ನೋಡಿ ಬಂದಿದ್ದೆ. ಮೂರು ಮೆಟ್ಟಿಲು, ಎತ್ತರದ ಹೊಸ್ತಿಲು, ಹಿತ್ತಲಲ್ಲಿ ಶೌಚಾಲಯ. ಮೂರು ಸಲವೂ 'ಮನೆ ಸಿದ್ಧವಿಲ್ಲ' ಎಂದು ಬರೆದಿದ್ದೆ.

ಇದಕ್ಕೆ ಕಾರಣ ಮೆಟ್ಟಿಲಷ್ಟೇ ಅಲ್ಲ. ಕೆಲವು ವರ್ಷಗಳ ಹಿಂದೆ ತಳಕಲ್ಲಿನ ಈರಪ್ಪನ ಫಾರ್ಮಿಗೆ ಕಣ್ಣು ಮುಚ್ಚಿ ಸಹಿ ಹಾಕಿ ಸಂತೋಷದಿಂದ ಮನೆಗೆ ಕಳಿಸಿದ್ದೆ. ಕೂತಲ್ಲೇ ಕೂತು ಬೆನ್ನ ಕೆಳಗೆ ಹುಣ್ಣಾಯಿತು. ಸ್ಪರ್ಶವಿಲ್ಲದ ಜಾಗ, ನೋವು ಗೊತ್ತಾಗಲಿಲ್ಲ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವನು ಉಳಿದಿರಲಿಲ್ಲ. ಅಂದಿನಿಂದ ಪೆನ್ನು ಹಿಡಿದರೆ ಈರಪ್ಪನ ತಾಯಿಯ ಮುಖ ಕಣ್ಣ ಮುಂದೆ ಬರುತ್ತದೆ.

"ನೋಡೋಣ" ಎಂದೆ. ಆಸ್ಪತ್ರೆಯಲ್ಲಿ ನಾನು ಅತಿ ಹೆಚ್ಚು ಬಳಸುವ ಮಾತು ಅದು.

ಆಕಾಶದಲ್ಲಿ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಮೌಲಾಸಾಬನನ್ನು ನೋಡುತ್ತ ನನ್ನನ್ನು ಮಾತಾಡಿಸಿದರು. ಇವರ ಹೆಸರೇನು, ಇವರು ಎಲ್ಲಿಗೆ ಹೊರಟಿದ್ದಾರೆ, ಇವರಿಗೆ ಚಳಿಯಾಗುತ್ತದೆಯೇ? ನಾನು ಪ್ರತಿಯೊಂದಕ್ಕೂ ಪಟಪಟ ಉತ್ತರ ಕೊಟ್ಟೆ. ಇಷ್ಟು ವರ್ಷದ ಅಭ್ಯಾಸ.

ವಿಮಾನದಲ್ಲಿ ಗಗನಸಖಿ ಕಾಫಿ ತಂದಳು. ಗಾಲಿಕುರ್ಚಿ ವಿಮಾನದ ಶೌಚಾಲಯದೊಳಗೆ ಹಿಡಿಸುವುದಿಲ್ಲ, ಹತ್ತಾರು ತಾಸಿನ ಪ್ರಯಾಣ. ನಾನು ಮುಂದಾಲೋಚನೆಯಿಂದ ಅವನ ಪರವಾಗಿ "ನೋ" ಅಂದೆ. ಜ್ಯೂಸ್ ಬಂತು. ನೋ. ನೀರು ಬಂತು, ಅದಕ್ಕೂ ನೋ. ನಾನು ಮಾತ್ರ ಮೂರನ್ನೂ ಇಸಿದುಕೊಂಡೆ.

"ಸರ್" ಎಂದ ಮೌಲಾಸಾಬ, ಕಿಟಕಿಯ ಹೊರಗೆ ಮೋಡ ನೋಡುತ್ತ. "ಆಕಿ ಕೇಳಿದ್ದು ಯಾರನ್ನ?"

"ನಿನ್ನನ್ನೇ. ನಿನ್ನ ಒಳ್ಳೇದಕ್ಕ ಬ್ಯಾಡ ಅಂದೆ."

"ನಾ ಏಳು ವರ್ಷದಿಂದ ಮೂತ್ರದ ನಳಿಗಿ, ಚೀಲ ಕಟ್ಗೊಂಡ ಅದೀನ್ರಿ. ಒಂದ್ ಕಪ್ ಕಾಫಿ ಕುಡದ್ರ ಎಷ್ಟಾಗ್ತೈತಿ ಅನ್ನೂದು ನಿಮಗಿಂತ ನನಗ ಗೊತ್ತೈತಿ."

ನನ್ನ ಮುಖ ಸಪ್ಪಗಾಯಿತು. ಅವನು ಗುಂಡಿ ಒತ್ತಿ ಆಕೆಯನ್ನು ಕರೆದು, ಬೆರಳಿನಲ್ಲೇ ಸನ್ನೆ ಮಾಡಿ ಕಾಫಿ ತರಿಸಿಕೊಂಡ. ಇಳಿಯುವವರೆಗೆ ಯಾವ ಅನಾಹುತವೂ ಆಗಲಿಲ್ಲ. ನಾನು ಮಾತ್ರ ನಾಲ್ಕು ಸಲ ಶೌಚಾಲಯದ ಸಾಲಿನಲ್ಲಿ ನಿಂತು ಬಂದೆ.

ಜೀನ್ ಅಮ್ಮನ ಬಾಗಿಲು

ಆ ಪಟ್ಟಣದಲ್ಲಿ ಮಳೆ ಬರುವುದೂ ಇಲ್ಲ, ಬರದೆ ಇರುವುದೂ ಇಲ್ಲ. ಗಾಳಿಯಲ್ಲಿ ನೀರು ತೇಲಾಡುತ್ತಿರುತ್ತದೆ. ಮುಂಗಾರಿನ ಮೊದಲ ಹನಿಗೆ ಅಂಗಳಕ್ಕಿಳಿದು ಆಕಾಶ ನೋಡುವ ನಮ್ಮ ಕಡೆಯವರಿಗೆ ಇದು ಮಳೆಯೆಂದು ಹೇಳಿದರೆ ಬೈಸಿಕೊಳ್ಳಬೇಕಾದೀತು.

ಸಭೆಯ ಕಡೆಯಿಂದ ನಮ್ಮನ್ನು ಸುತ್ತಾಡಿಸಲು ಫಿಯೋನಾ ಎಂಬಾಕೆ ಬಂದಿದ್ದಳು. ಮೊದಲ ದಿನವೇ ಜೀನ್ ಎಂಬ ಮುದುಕಿಯ ಮನೆಗೆ ಕರೆದೊಯ್ದಳು. ಜೀನ್ ಹುಟ್ಟಿನಿಂದಲೇ ಬುದ್ಧಿ ನಿಧಾನದವರು. ಒಂಬತ್ತನೇ ವಯಸ್ಸಿಗೆ ಅವರನ್ನು ಗುಡ್ಡದ ಮೇಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರಂತೆ. ನಲವತ್ತು ವರ್ಷ ಅಲ್ಲಿದ್ದು, ಅದನ್ನು ಮುಚ್ಚಿದ ಮೇಲೆ ಈ ಪುಟ್ಟ ಮನೆಗೆ ಬಂದು ಒಬ್ಬರೇ ಇದ್ದಾರೆ.

ಫಿಯೋನಾ ಗಂಟೆ ಒತ್ತಿದಳು. ಒಳಗಿನಿಂದ ಧ್ವನಿ ಬಂತು, "ಈಗ ಆಗುವುದಿಲ್ಲ. ನನ್ನ ಧಾರಾವಾಹಿ ನಡೆಯುತ್ತಿದೆ."

ಫಿಯೋನಾ ಸುಮ್ಮನೆ ಕೈಕಟ್ಟಿ ನಿಂತಳು. ನಾನು ಏಳು ಸಮುದ್ರ ದಾಟಿ ಬಂದ ಅತಿಥಿ, ಕೋಟಿನ ಕಾಲರು ನೆನೆಯುತ್ತಿತ್ತು. "ನಿಮ್ಮ ಹತ್ತಿರ ಕೀಲಿಕೈ ಇಲ್ಲವೇ?" ಎಂದು ಕೇಳಿದೆ.

"ನನ್ನ ಹತ್ತಿರ ಯಾಕಿರಬೇಕು? ಮನೆ ಅವರದು" ಎಂದಳು.

ನಮ್ಮ ವಾರ್ಡಿನಲ್ಲಿ ಬಾಗಿಲೇ ಇಲ್ಲ. ಡಾಕ್ಟರು, ದಾನಿಗಳು, ಕಾಲೇಜಿನ ಹುಡುಗಿಯರು, ಹಣ್ಣು ಹಂಚುವವರು ಯಾವಾಗ ಬೇಕಾದರೂ ಬಂದು ಹಾಸಿಗೆಯ ಸುತ್ತ ನಿಲ್ಲುತ್ತಾರೆ. ಯಾರಾದರೂ ಈಗ ಬೇಡ ಅಂದದ್ದು ನನಗೆ ನೆನಪಿಲ್ಲ. ಅನ್ನಬಹುದು ಎಂದು ಅವರಿಗೂ ಹೊಳೆದಿರಲಿಕ್ಕಿಲ್ಲ. ನಾನು ನೆನೆಯುತ್ತ ಇದನ್ನೆಲ್ಲ ಯೋಚಿಸುತ್ತಿದ್ದರೆ ಮೌಲಾಸಾಬ ಕುರ್ಚಿಯಲ್ಲಿ ಕೂತು ಒಳಗೊಳಗೇ ನಗುತ್ತಿದ್ದ.

ಕಾಲು ತಾಸಿನ ಮೇಲೆ ಬಾಗಿಲು ತೆರೆಯಿತು. ಜೀನ್ ಅಮ್ಮ ಚಹಾ ಮಾಡಲು ನಿಂತರು. ಕೈ ನಡುಗುತ್ತಿತ್ತು. ಕೆಟಲ್ಲಿನಿಂದ ಅರ್ಧ ಕಪ್ಪಿಗೆ, ಅರ್ಧ ಬಸಿಗೆ. ನಮ್ಮ ಯಲಬುರ್ಗಾ ಕಡೆ ಮುದುಕಿಯೊಬ್ಬಳು ಬಿಸಿನೀರು ಹೊತ್ತು ನಿಂತಿರುವಾಗ ಗಂಡಾಳು ಕೂತು ನೋಡಿದರೆ ಅವನನ್ನು ಮನುಷ್ಯನೆಂದು ಕರೆಯುವುದಿಲ್ಲ. ನಾನು ತಟ್ಟನೆ ಎದ್ದು ಅವರ ಕೈಯಿಂದ ಕೆಟಲ್ ಕಸಿದುಕೊಂಡೆ.

ಜೀನ್ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಮನೆಗೆ ನಾನು ಬಂದಾಗ ನೀವು ಮಾಡಿ" ಎಂದರು.

"ಕೊಟ್ಬಿಡ್ರಿ ಸರ್" ಎಂದ ಮೌಲಾಸಾಬ. "ಕುಂದರ್ರಿ."

ಕೊಟ್ಟು ಕೂತೆ. ಚಹಾ ತಣ್ಣಗಿತ್ತು, ನೀರು ನೀರಾಗಿತ್ತು. ಮೌಲಾಸಾಬ ಬಸಿಗೆ ಚೆಲ್ಲಿದ್ದನ್ನೂ ಬಿಡದೆ ಸುರ್ರೆಂದು ಕುಡಿದ. ಜೀನ್ ಅಮ್ಮನಿಗೆ ಅದು ಬಹಳ ಹಿಡಿಸಿತು. ಕೊರಳಲ್ಲಿ ರಿಬ್ಬನ್ನಿಗೆ ಕಟ್ಟಿದ್ದ ಕೀಲಿಕೈ ತೆಗೆದು ಅವನಿಗೆ ತೋರಿಸಿ, ನಿನ್ನದೆಲ್ಲಿ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

"ಹಾಸಿಗಿಗೆ ಕೀಲಿ ಎಲ್ಲಿರ್ತೈತಿ ಅಂತ ಹೇಳ್ರಿ" ಎಂದ.

ಗುಡ್ಡದ ಮೇಲೆ

ಮರುದಿನ ಆ ಹಳೆಯ ಆಸ್ಪತ್ರೆಯನ್ನು ನೋಡಲು ಹೋದೆವು. ಜೀನ್ ಅಮ್ಮನೂ ಬಂದರು. ಕಲ್ಲಿನ ಭಾರಿ ಕಟ್ಟಡ, ಗಡಿಯಾರದ ಗೋಪುರ, ಹುಲ್ಲುಹಾಸು. ಈಗ ಅಲ್ಲಿ ಶ್ರೀಮಂತರ ಫ್ಲಾಟುಗಳಿವೆ. ಒಂದು ಖಾಲಿಯಾದರೆ ಸಾಕು, ಬರಲು ಜನ ಸಾಲುಗಟ್ಟಿ ಕಾಯುತ್ತಾರೆಂದು ಫಿಯೋನಾ ಹೇಳಿದಳು. ಹೊರಗೆ ಬರಲು ಒಬ್ಬರು ನಲವತ್ತು ವರ್ಷ ಕಾದ ಜಾಗಕ್ಕೆ ಒಳಗೆ ಹೋಗಲು ಇಷ್ಟು ಜನ ಕಾಯುತ್ತಿದ್ದಾರೆ. ನಾನು ನಮ್ಮ ಮೇಲಧಿಕಾರಿಗಳಿಗೆ ತೋರಿಸಲೆಂದು ಕಿಟಕಿಗಳ ಬಣ್ಣದ ಫೋಟೋ ತೆಗೆದುಕೊಂಡೆ.

ಜೀನ್ ಅಮ್ಮ ಎರಡನೇ ಮಹಡಿಯ ಕಿಟಕಿಯತ್ತ ಬೆರಳು ಮಾಡಿ, ನನ್ನ ಹಾಸಿಗೆ ಅಲ್ಲಿತ್ತು ಎಂದರು. ಸೈಕಲ್ ಒರೆಸುತ್ತಿದ್ದ ಒಬ್ಬ ಸೂಟಿನವನು ಹತ್ತಿರ ಬಂದು, ನಿಮಗೇನಾದರೂ ಸಹಾಯ ಬೇಕಿತ್ತೇ ಎಂದು ವಿನಯದಿಂದ ಕೇಳಿದ.

"ಬೇಡ. ನಾನು ಹೊರಗೆ ಬಂದಾಗಿದೆ" ಎಂದರು ಜೀನ್ ಅಮ್ಮ.

ಮೌಲಾಸಾಬನಿಗೆ ಬೇರೆಯದೇ ಸಂಶಯ. "ಇಷ್ಟು ದೊಡ್ಡ ಆಸ್ಪತ್ರಿ ಮುಚ್ಚಿದ್ರಲ್ರಿ, ನಮ್ಮ ಶರಣಪ್ಪಣ್ಣನಂಥಾರು, ನಿಮ್ಮಂಥಾರು ಎಲ್ಲಿ ಹೋದ್ರಂತ ಕೇಳ್ರಿ."

ಕೇಳಿದೆ. ಮುಚ್ಚಬಾರದೆಂದು ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡಿದವರು ಅವರೇ ಎಂದಳು ಫಿಯೋನಾ. ಇವರು ಹೊರಗೆ ಹೋದರೆ ಬದುಕುವುದಿಲ್ಲ ಎಂದು ಕಣ್ಣೀರು ಹಾಕಿದರಂತೆ. ನಿಜವಾಗಿಯೂ ಹಾಗೆ ನಂಬಿದ್ದರು ಎಂದೂ ಸೇರಿಸಿದಳು. ನನ್ನ ಕಿವಿ ಬಿಸಿಯಾಯಿತು. ಸ್ಕಾಟ್ಲೆಂಡಿನ ಆ ಚಳಿಯಲ್ಲಿ ಅದು ಸಣ್ಣ ಸಾಧನೆಯಲ್ಲ.

ಸಭೆ

ಸಭೆಯ ಕೋಣೆಯಲ್ಲಿ ಗೋಡೆಯಗಲದ ಪರದೆ ಮೊದಲೇ ಇತ್ತು. ನಮ್ಮ ಪ್ರೊಜೆಕ್ಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಎಲ್ಲಾದರೂ ಇಟ್ಟು ಮರೆತರೆ ಶರಣಪ್ಪನಿಗೆ ಏನು ಹೇಳಲಿ?

ನನ್ನ ಭಾಷಣ ಚೆನ್ನಾಗಿಯೇ ಆಯಿತು. ಹೊಲಿಗೆ ಯಂತ್ರದ ಮುಂದೆ ನಗುತ್ತಿರುವ ಮೌಲಾಸಾಬ, ಪರದೆ ಹಿಡಿದ ಮೌಲಾಸಾಬ, ಗಣರಾಜ್ಯೋತ್ಸವದ ದಿನ ಧ್ವಜದ ಪಕ್ಕದ ಮೌಲಾಸಾಬ. ಕೊನೆಗೆ ಗಾಲಿಕುರ್ಚಿಯಲ್ಲಿದ್ದ ಇಯಾನ್ ಎಂಬ ದಪ್ಪ ಮೀಸೆಯವನು ಕೈ ಎತ್ತಿ, ಪ್ರಶ್ನೆ ನಿಮಗಲ್ಲ, ಅವರಿಗೆ ಎಂದ. "ನೀವೀಗ ಎಲ್ಲಿ ವಾಸವಾಗಿದ್ದೀರಿ?"

ಅದನ್ನು ಕನ್ನಡದಲ್ಲಿ ಹೇಳಿದೆ. ಮೌಲಾಸಾಬ ಮೈಕಿಗೆ ಬಾಯಿ ಹಚ್ಚಿ, "ವಾರ್ಡಿನಾಗ ಅದೀನ್ರಿ. ಏಳು ವರ್ಷಾತು" ಎಂದ.

ಎಲ್ಲರೂ ನನ್ನ ಅನುವಾದಕ್ಕೆ ಕಾದರು. ನಾನು ಒಂದು ಗುಟುಕು ನೀರು ಕುಡಿದೆ. "ಅವರು ಊರಿನ ಬದುಕಿಗೆ ಮರಳುವ ಹಾದಿಯಲ್ಲಿದ್ದಾರೆ, ಎಲ್ಲ ಸಿದ್ಧತೆ ನಡೆದಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು.

ಚಪ್ಪಾಳೆ ಮುಗಿಯುವ ಮೊದಲೇ ಮೌಲಾಸಾಬ ನನ್ನ ತೋಳು ಎಳೆದ. "ವಾರ್ಡಿಗೆ ಇಂಗ್ಲೀಷಿನಾಗೂ ವಾರ್ಡ್ ಅಂತಾನ ಅಂತಾರಲ್ರಿ ಸರ್. ನೀವು ಅನ್ನಲೇ ಇಲ್ಲ."

ಇಪ್ಪತ್ತು ವರ್ಷದ ಕೆಲಸದಲ್ಲಿ ನನ್ನನ್ನು ಯಾರೂ ಇಷ್ಟು ಸಣ್ಣ ಧ್ವನಿಯಲ್ಲಿ ಹಿಡಿದು ಹಾಕಿರಲಿಲ್ಲ.

ಚಹಾ ಬಿಡುವಿನಲ್ಲಿ ಇಯಾನ್ ತನ್ನ ಕುರ್ಚಿ ಉರುಳಿಸಿಕೊಂಡು ನಮ್ಮ ಹತ್ತಿರ ಬಂದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರೂ ಕೈಸನ್ನೆಯಲ್ಲಿ ಹರಟೆಗಿಳಿದರು. ಅವನೂ ಎಲ್ಲಿಂದಲೋ ಬಿದ್ದವನೇ. ಚೀಲದಿಂದ ಉದ್ದ ಹಿಡಿಯ ಒಂದು ಕನ್ನಡಿ ತೆಗೆದು, ಬೆನ್ನ ಹಿಂದೆ ಹಿಡಿದು, ತಲೆ ಹೊರಳಿಸಿ ನೋಡಿದ. ಮೌಲಾಸಾಬನ ಕಣ್ಣು ಅಗಲವಾಯಿತು. ಈ ದೇಶದ ಗಂಡಸರಿಗೆ ಹಿಂದಲೆ ಬಾಚಿಕೊಳ್ಳುವ ಷೋಕಿ ಜಾಸ್ತಿ ಎಂದುಕೊಂಡು ನಾನು ಬಿಸ್ಕೀಟು ತಿನ್ನುತ್ತ ನಿಂತೆ.

ಹನ್ನೊಂದನೇ ನಂಬರಿನ ಬಸ್ಸು

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡಿದರೆ ಮೌಲಾಸಾಬನ ಕೋಣೆ ಖಾಲಿ. ಕುರ್ಚಿಯೂ ಇಲ್ಲ. ಕೆಳಗೆ ಇಲ್ಲ, ರಸ್ತೆಯಲ್ಲಿ ಇಲ್ಲ. ಕಣ್ಣ ಮುಂದೆ ಶರಣಪ್ಪನ ಹಾಳೆ ಕುಣಿಯತೊಡಗಿತು. ಪ್ರೊಜೆಕ್ಟರ್ ಮಾತ್ರ ಮಂಚದ ಕೆಳಗೆ ಭದ್ರವಾಗಿತ್ತು.

ಫಿಯೋನಾಗೆ ಫೋನು ಮಾಡಿ, "ಮೌಲಾಸಾಬ ಕಾಣೆಯಾಗಿದ್ದಾನೆ" ಎಂದೆ.

"ಅವರ ವಯಸ್ಸೆಷ್ಟು?"

"ಮೂವತ್ತಾರು."

"ಹಾಗಾದರೆ ಹೊರಗೆ ಹೋಗಿರಬೇಕು" ಎಂದಳು.

ಎರಡು ತಾಸು ಕಳೆದ ಮೇಲೆ ಗೊತ್ತಿಲ್ಲದ ನಂಬರಿನಿಂದ ನನ್ನ ಫೋನು ಬಡಿದುಕೊಂಡಿತು. "ಸರ್, ನಾಷ್ಟಾ ಮಾಡಿದ್ರೇನ್ರಿ?" ಮೌಲಾಸಾಬನ ಧ್ವನಿ. "ನಾ ಇಲ್ಲಿ ನಜೀರ್ ಭಾಯ್ ಅವರ ಟೇಲರ್ ಅಂಗಡ್ಯಾಗ ಅದೀನಿ. ಹನ್ನೊಂದ್ ನಂಬರ್ ಬಸ್ ಹತ್ರಿ, ಪ್ಯಾಟ್ಯಾಗ ಇಳೀರಿ. ಭಾಳ ಸುಲಭ ಐತಿ."

ಬಸ್ಸು ಹತ್ತಿದೆ. ಸುಲಭವಾದದ್ದು ನನಗೆ ಕಷ್ಟವಾಯಿತು. ಉಲ್ಟಾ ದಿಕ್ಕಿಗೆ ಹೋಗುವ ಹನ್ನೊಂದು ಹತ್ತಿ ಊರಾಚೆಯ ಮೀನು ದೋಣಿಗಳ ಧಕ್ಕೆಗೆ ಹೋಗಿ ಇಳಿದೆ. ಡ್ರೈವರು ಕನಿಕರದಿಂದ ನನ್ನನ್ನು ಕೈಹಿಡಿದು ಎದುರಿನ ಬಸ್ಸಿಗೆ ಹತ್ತಿಸಿ, ಆ ಡ್ರೈವರನಿಗೆ ಇವರನ್ನು ಪೇಟೆಯಲ್ಲಿ ಇಳಿಸು ಎಂದು ಹೇಳಿಕೊಟ್ಟ. ಹೋಗಬೇಕಾದ ಜಾಗದ ಹೆಸರು ಆ ಎರಡನೆಯವನು ನನ್ನನ್ನು ಕೇಳಲೇ ಇಲ್ಲ, ಇಬ್ಬರೂ ನನ್ನ ತಲೆಯ ಮೇಲಿಂದ ಮಾತಾಡಿ ಮುಗಿಸಿದರು. ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ಬಸ್ಸು ಪ್ರತಿ ನಿಲ್ದಾಣದಲ್ಲಿ ಉಸಿರು ಬಿಟ್ಟು ಒಂದು ಬದಿಗೆ ಬಗ್ಗುತ್ತಿತ್ತು, ಬಾಗಿಲಿನಿಂದ ಹಲಗೆಯೊಂದು ಚಾಚುತ್ತಿತ್ತು. ಮೌಲಾಸಾಬ ಇದನ್ನೇ ಏರಿ ಹೋಗಿದ್ದ. ನಮ್ಮ ಕುಷ್ಟಗಿ ಬಸ್ಸು ಯಾರಿಗೂ ಬಗ್ಗಿದ್ದನ್ನು ನಾನು ಕಂಡಿಲ್ಲ.

ಅಂಗಡಿಯಲ್ಲಿ ಅವನು ಯಾರದೋ ಪ್ಯಾಂಟಿನ ಕಾಲು ಮಡಿಚಿ ಹೊಲಿಯುತ್ತಿದ್ದ. ಪಾಕಿಸ್ತಾನದ ಕಡೆಯಿಂದ ಬಂದು ನೆಲೆಸಿದ ನಜೀರ್ ಭಾಯ್ ಪಕ್ಕದಲ್ಲಿ ನಿಂತು ಮೆಚ್ಚುಗೆಯಿಂದ ನೋಡುತ್ತಿದ್ದರು. ನಮ್ಮವನ ದಖನಿ ಉರ್ದು ಕೇಳಿ ಅವರಿಗೆ ನಗು, ಅವರ ಉರ್ದು ಕೇಳಿ ಇವನಿಗೆ ನಗು. ನಾನು ಯಾರೆಂದು ನಜೀರ್ ಭಾಯ್ ಕೇಳಿದರು. ಮೌಲಾಸಾಬ ಏನೋ ಹೇಳಿದ. ಅವರು ನನಗೊಂದು ಸ್ಟೂಲು ಕೊಟ್ಟು, ಗಾಬರಿಯಾಗಬೇಡಿ ಎಂದು ಬೆನ್ನು ತಟ್ಟಿದರು.

"ಯಾರನ್ನ ಕೇಳಿ ಬಂದಿ?" ಎಂದು ಸಿಟ್ಟಿನಿಂದಲೇ ಕೇಳಿದೆ. "ಏನಾರ ಆಗಿದ್ರ?"

ಅವನು ಉತ್ತರವಾಗಿ ಕಾಗದದ ಚೀಲದಿಂದ ಒಂದು ವಸ್ತು ತೆಗೆದ. ಉದ್ದ ಹಿಡಿಯ ಕನ್ನಡಿ. ಇದನ್ನು ಕೊಳ್ಳಲೆಂದೇ ಬಸ್ಸು ಹತ್ತಿದ್ದನಂತೆ. ಬರುವಾಗ ಈ ಅಂಗಡಿಯಲ್ಲಿ ಯಂತ್ರದ ಸದ್ದು ಕೇಳಿ ಒಳಗೆ ಬಂದಿದ್ದ.

"ಸರ್, ತಳಕಲ್ಲ ಈರಪ್ಪ ಯಾಕ ಸತ್ತ?"

"ಬೆನ್ನ ಹುಣ್ಣಾಗಿ. ನಿನಗ ಗೊತ್ತಲ್ಲ."

"ಹುಣ್ಣು ಆಗಾಕತ್ತಿದ್ದು ಅವ ಯಾಕ ನೋಡ್ಕೊಳ್ಳಲಿಲ್ಲ?"

"ತನ್ನ ಬೆನ್ನ ತನಗ ಹೆಂಗ ಕಾಣ್ತೈತೋ?"

ಅವನು ಕನ್ನಡಿಯನ್ನು ಬೆನ್ನ ಹಿಂದೆ ಹಿಡಿದು ನಿಧಾನಕ್ಕೆ ಅತ್ತಿತ್ತ ಹೊರಳಿಸಿದ. "ಕಾಣ್ತೈತ್ರಿ. ಆ ಮೀಸಿಯಾಂವ ದಿನಾ ಎರಡ್ ಸಲ ಹಿಂಗ ನೋಡ್ಕೊತಾನ. ನಮ್ಮ ವಾರ್ಡಿನಾಗ ಸಿಸ್ಟರ್ ನೋಡ್ತಾರ. ಈರಪ್ಪ ಮನಿಗೆ ಹೋದ ಮ್ಯಾಲ ನೋಡೂರು ಯಾರು? ಅವರವ್ವನ ಮುಂದ ಲುಂಗಿ ಸರಸಾಕ ಅವಗ ನಾಚ್ಕಿ. ಯಾರಾರ ನೋಡ್ತಾರಂತ ಕಾಯ್ಕೊಂತ ಕುಂತ."

ತರಬೇತಿಯ ಪುಸ್ತಕದಲ್ಲಿ ಕನ್ನಡಿಯ ವಿಷಯ ಇತ್ತು. ನಾನು ಓದಿದ್ದೆ. ಆದರೆ ನಮ್ಮ ವಾರ್ಡಿನಲ್ಲಿ ಗಾಜು ಒಡೆದು ಯಾರಿಗಾದರೂ ಗಾಯವಾದೀತೆಂದು ಕನ್ನಡಿ ಇಟ್ಟುಕೊಳ್ಳುವಂತಿಲ್ಲ. ಗಡ್ಡ ಮಾಡಲು ವಾರಕ್ಕೊಮ್ಮೆ ಕ್ಷೌರಿಕ ಬರುತ್ತಾನೆ. ಆ ನಿಯಮವನ್ನು ಬರೆದವನು ನಾನು. ಅಷ್ಟೊಂದು ಜೋಪಾನವಾಗಿ ನೋಡಿಕೊಂಡು, ತನ್ನನ್ನು ತಾನು ನೋಡಿಕೊಳ್ಳುವುದನ್ನು ಕಲಿಸದೆ ಈರಪ್ಪನನ್ನು ಮನೆಗೆ ಕಳಿಸಿದ್ದೆವು. ಅವನನ್ನು ಬೇಗ ಬಿಟ್ಟದ್ದು ನನ್ನ ತಪ್ಪು ಎಂದು ಇಷ್ಟು ವರ್ಷ ಕೊರಗಿದ್ದೆ. ಆ ತಪ್ಪಿಗೆ ಮೌಲಾಸಾಬನಿಂದ ದಂಡ ವಸೂಲಿ ಮಾಡುತ್ತಿದ್ದೆ. ದುಃಖ ಉಕ್ಕಿ ಬಂತು. ಪರದೇಶದ ದರ್ಜಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತೆ. ನಜೀರ್ ಭಾಯ್ ನಾನು ಬಸ್ಸಿನ ವಿಷಯಕ್ಕೆ ಅಳುತ್ತಿದ್ದೇನೆಂದು ತಿಳಿದು, ಮರಳುವಾಗ ಯಾವ ಕಡೆಯ ಹನ್ನೊಂದು ಹತ್ತಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಹನುಮಸಾಗರ

ಊರಿಗೆ ಬಂದು ಎರಡನೇ ವಾರಕ್ಕೆ ನಲವತ್ತು ಪ್ರಶ್ನೆಯ ಫಾರ್ಮು ಹಿಡಿದು ಮೌಲಾಸಾಬನೊಂದಿಗೆ ಹಸೀನಾಳ ಮನೆಗೆ ಹೋದೆ. ಬರುತ್ತೇವೆಂದು ಮೌಲಾಸಾಬ ಮೊದಲೇ ತನ್ನ ಹಳೆಯ ಗೌಂಡಿ ಗೆಳೆಯರಿಗೆ ಫೋನು ಮಾಡಿದ್ದ. ಅವರು ಮೂರು ಮೆಟ್ಟಿಲು ಕಿತ್ತು, ಹೊಸ್ತಿಲು ತೆಗೆದು, ಅಲ್ಲೊಂದು ಇಳಿಜಾರು ಕಟ್ಟಿ ನಮ್ಮ ದಾರಿ ಕಾಯುತ್ತಿದ್ದರು.

ಕುಷ್ಟಗಿ ಕಡೆ ಗ್ರಾನೈಟಿಗೇನು ಬರವೇ? ಗೆಳೆಯನೆಂಬ ಪ್ರೀತಿಗೆ ಕ್ವಾರಿಯಿಂದ ಒಳ್ಳೆಯ ಕೆಂಪು ಕಲ್ಲು ತಂದು, ಮುಖ ಕಾಣುವಂತೆ ಪಾಲಿಶ್ ಹಾಕಿಸಿ ಹಾಸಿದ್ದರು. ಊರಿನ ಯಾವ ದೊಡ್ಡ ಮನೆಯ ಪಡಸಾಲೆಯಲ್ಲೂ ಅಂಥ ಕಲ್ಲು ಇರಲಾರದು. ತಪಾಸಣೆಗೆ ಬಂದ ಅಧಿಕಾರಿ ಎಂಬ ಗತ್ತಿನಲ್ಲಿ ನಾನು ಮೊದಲ ಹೆಜ್ಜೆ ಇಟ್ಟೆ. ಎರಡನೆಯದನ್ನು ಇಡಲಾಗಲಿಲ್ಲ. ಫಾರ್ಮಿನ ಸಮೇತ ಜಾರಿ ಕುಂಡೆ ಊರಿ ರಸ್ತೆಗೆ ಬಂದೆ.

ಎಲ್ಲರೂ ಕಕ್ಕಾಬಿಕ್ಕಿಯಾದರು. ಮೌಲಾಸಾಬ ಕುರ್ಚಿಯಲ್ಲೇ ಬಗ್ಗಿ ಕಲ್ಲು ಸವರಿದ. "ಲೇ, ಇದು ನಾ ಏರೂದಕ್ಕ ಮಾಡೀರೋ, ಮುಖ ನೋಡ್ಕೊಳ್ಳಾಕ ಮಾಡೀರೋ? ಉಳಿ ತಗೊಂಡ ಬರ್ರಿ. ಅಡ್ಡಡ್ಡ ಗೀರು ಹಾಕ್ರಿ. ಇಳಿಜಾರು ಇನ್ನೂ ಎರಡ ಮೊಳ ಮುಂದ ತಗೀರಿ." ಏಳು ವರ್ಷದ ಮೇಲೆ ಅವನು ಕೆಲಸಗಾರರಿಗೆ ಕೆಲಸ ಹೇಳುತ್ತಿದ್ದ. ಅವರು ಮರುಮಾತಿಲ್ಲದೆ ಉಳಿ ಹಿಡಿದರು. ಹೊಳೆಯುವ ಕಲ್ಲಿನ ಮೇಲೆ ಗೀರು ಬೀಳುವುದನ್ನು ಹಸೀನಾ ಹೊಟ್ಟೆ ಉರಿದುಕೊಂಡು ನೋಡಿದಳು.

ಆಕೆ ನನ್ನನ್ನು ಬದಿಗೆ ಕರೆದಳು. "ಅಣ್ಣ ಮನಿಗೆ ಬರೂದು ಖುಷಿನ ಐತ್ರಿ ಸರ್. ಆದ್ರ ಆಸ್ಪತ್ರಿಯಾಗ ಅಷ್ಟ ಮಂದಿ ನೋಡ್ಕೊತಿದ್ರು. ನಾ ಒಬ್ಬಾಕಿ. ನನ್ನ ಕೈಲೆ ಆಗ್ತೈತೇನ್ರಿ?"

ನನ್ನ ನಾಲಿಗೆಯ ತುದಿಗೆ 'ನೋಡೋಣ' ಬಂದಿತ್ತು. ಅಷ್ಟರಲ್ಲಿ ತಂಗಿಯ ಮಾತು ಮೌಲಾಸಾಬನಿಗೆ ಕೇಳಿಸಿತು. "ನೀ ನನ್ನ ನೋಡ್ಕೊಳ್ಳೂದು ಬ್ಯಾಡವಾ. ನನ್ನ ಖೋಲಿಗೆ ಬರೂಮುಂದ ಬಾಗಿಲಾ ಬಡದ ಬಾ. ಅಷ್ಟ ಸಾಕು."

ಆ ಹೊತ್ತಿಗೂ ನನ್ನ ನಲವತ್ತರಲ್ಲಿ ಹನ್ನೊಂದು ಪ್ರಶ್ನೆಗೆ ಉತ್ತರ 'ಇಲ್ಲ' ಎಂದೇ ಇತ್ತು. ಶೌಚಾಲಯದ ಬಾಗಿಲು ಅಗಲವಾಗಿತ್ತು, ಹಿಡಿಕೆ ಇರಲಿಲ್ಲ. ಹಿತ್ತಲ ದಾರಿಗೆ ಫರಸಿ ಕಲ್ಲು ಹಾಸಬೇಕಿತ್ತು. ಹನ್ನೊಂದನ್ನೂ ಹಾಗೆಯೇ ಬರೆದೆ. ಇಂಥವನ್ನು ಗೌಂಡಿಗಳಿರುವ ಊರಿನಲ್ಲಿ ಗೌಂಡಿಗೆ ನಾನು ಹೇಳಿಕೊಡಬೇಕೇ? ಕೊನೆಗೆ ಸಹಿ ಹಾಕಿದೆ. ಕೈ ನಡುಗಿತು. ಯಾರೂ ನನ್ನ ಪೆನ್ನು ಕಸಿದುಕೊಳ್ಳಲಿಲ್ಲ.

ಮತ್ತೆ ಶರಣಪ್ಪನ ಮೇಜು

ಅವನು ಹೊರಡುವ ದಿನ ಟಂಟಂ ಆಟೋ ಬಾಗಿಲ ಮುಂದೆ ನಿಂತಿತ್ತು. ಹೊಲಿಗೆ ಯಂತ್ರ, ಒಂದು ಟ್ರಂಕು, ಕನ್ನಡಿ. ವಾರ್ಡಿನವರೆಲ್ಲ ಹೊಸದಾಗಿ ಕೊಂಡ ತಮ್ಮ ತಮ್ಮ ಕನ್ನಡಿ ಹಿಡಿದು ಹೊರಗೆ ಬಂದಿದ್ದರು. ನಿಯಮ ಬರೆದವನೇ ಹೊಡೆದು ಹಾಕಿದ್ದರಿಂದ ಯಾರೂ ಕೇಳುವಂತಿರಲಿಲ್ಲ. ಪರದೆ ಹರಿದರೆ ಏನು ಗತಿ ಎಂದು ಮೇಲಧಿಕಾರಿಗಳು ಕೇಳಿದಾಗ, "ಹನುಮಸಾಗರಕ್ಕ ಕಳಸ್ರಿ, ಹೊಲದ ಕೊಡ್ತೀನಿ. ರವಿವಾರ ಅಂಗಡಿ ಬಂದ್ ಇರ್ತೈತಿ" ಎಂದು ಮೌಲಾಸಾಬ ಹೇಳಿದ.

ಶರಣಪ್ಪ ಹಾಳೆ ಹಿಡಿದು ನನ್ನ ಹಿಂದೆ ಬಿದ್ದಿದ್ದ. "ಸರ್, ನೀವು ಬಂದಾಗಿಂದ ಇದು ಬಾಕಿ ಐತಿ. ಎರಡು ಸಾಮಾನು ಒಯ್ದಿದ್ರಿ. ವಾಪಸ್ ಒಪ್ಪಿಸಿದ್ದಕ್ಕ ಬರದ್ಕೊಡ್ರಿ."

ಮೇಜಿನ ಮುಂದೆ ಕೂತು ಹಾಳೆ ಎಳೆದುಕೊಂಡೆ. ಒಯ್ದ ಸ್ಥಿತಿಯಲ್ಲಿಯೇ ಮರಳಿ ಒಪ್ಪಿಸಲಾಗಿದೆ. ಪ್ರೊಜೆಕ್ಟರಿನ ಎದುರು 'ಹೌದು' ಎಂದು ಬರೆದೆ. ಪಾಪ, ಅದು ಬ್ಯಾಗಿನಿಂದ ಹೊರಗೇ ಬಂದಿರಲಿಲ್ಲ. ಮೌಲಾಸಾಬನ ಎದುರು 'ಇಲ್ಲ' ಎಂದು ಬರೆದೆ.

ಶರಣಪ್ಪ ಕನ್ನಡಕ ಸರಿಮಾಡಿಕೊಂಡು ಓದಿದ. "ಇಲ್ಲ ಅಂತ ಬರದ್ರ ಕಾರಣ ಬರೀಬೇಕಾಗ್ತೈತ್ರಿ ಸರ್. ಜವಾಬ್ದಾರಿ ಯಾರದು ಅಂತಾನೂ ಬರೀಬೇಕು."

ಹೊರಗೆ ಟಂಟಂ ಚಾಲೂ ಆಯಿತು. ಮೌಲಾಸಾಬ ಹೋಗಿಬರುತ್ತೇನೆಂದು ಕೂಗಿದ್ದು ಕೇಳಿಸಿತು. ನನಗೆ ಇನ್ನೂ ಹೆದರಿಕೆ ಇತ್ತು. ಈ ಮಾತು ಬರೆಯುವಾಗಲೂ ಇದೆ. ಪ್ರತಿ ಗುರುವಾರ ಫೋನು ಮಾಡಿ ಬೆನ್ನು ಹೇಗಿದೆ ಎಂದು ಕೇಳುತ್ತೇನೆ, ಕೈಯಲ್ಲಿ ಕೆಲಸವಿದ್ದರೆ ಅವನು ಎತ್ತುವುದಿಲ್ಲ, ಆಮೇಲೆ ತಾನೇ ಮಾಡುತ್ತಾನೆ. ನಾನು ಕಾಯುತ್ತೇನೆ.

ಕಾರಣದ ಸಾಲಿನಲ್ಲಿ 'ಒಬ್ಬನೇ ಬಸ್ಸು ಹತ್ತಿ ಹೋದ' ಎಂದು ಬರೆದೆ. ಜವಾಬ್ದಾರಿಯ ಸಾಲಿನಲ್ಲಿ ನನ್ನ ಹೆಸರು ಬರೆದು, ಸ್ವಲ್ಪ ಯೋಚಿಸಿ ಅದನ್ನು ಹೊಡೆದು ಹಾಕಿ, ಅವನ ಹೆಸರು ಬರೆದೆ.